ನಾಲ್ಕು ಡಾಲರಿನ ಡಾಕ್ಟರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಫ್ರೆಡರಿಕ್ ಬ್ಯಾಂಟಿಂಗ್ ಎಂದರೆ ಒಂದು ಅಂಕದ ಪ್ರಶ್ನೆ. ಇನ್ಸುಲಿನ್ ಕಂಡುಹಿಡಿದವರು ಯಾರು? ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಸರಿಯಾದ ಸೊನ್ನೆಗೆ ಮಸಿ ತುಂಬಿದರೆ ಮುಗಿಯಿತು. ನನಗೆ ಮಾತ್ರ ಆ ಹೆಸರು ಅಲ್ಲಿಗೆ ಮುಗಿಯುವುದಿಲ್ಲ. ಹನ್ನೆರಡನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಹೊಟ್ಟೆಗೋ ತೊಡೆಗೋ ನಾನೇ ಚುಚ್ಚಿಕೊಳ್ಳುವ ಔಷಧಿ ಅದು. ಹೂವಿನಹಡಗಲಿ ತಾಲ್ಲೂಕಿನ ಮಾಗಳ ನನ್ನೂರು. ಪದವಿ ಮುಗಿಸಿ ಈಗ ಧಾರವಾಡದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಓದುತ್ತಿದ್ದೇನೆ. ನನಗಿರುವುದು ಟೈಪ್ ಒಂದು ಮಧುಮೇಹ. ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ, ದೇಹವೇ ತನ್ನ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುವ ಕಾಯಿಲೆ. ಬ್ಯಾಂಟಿಂಗ್ ಅವರ ಜೀವನವನ್ನು ನಾನು ಪರೀಕ್ಷೆಗಾಗಿ ಓದಲಿಲ್ಲ. ನಾನು ಬದುಕಿರುವುದಕ್ಕೆ ಕಾರಣನಾದ ಈ ಮನುಷ್ಯ ಎಂಥವನು ಎಂಬ ಕುತೂಹಲಕ್ಕೆ ಓದಿದೆ.

ಓದಿದ ಮೇಲೆ ತಿಳಿದದ್ದು, ಈತ ನಮ್ಮಂಥವನೇ. ಕೆಲಸವಿಲ್ಲದೆ ಕೂತವನು.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್ ಎಂಬ ಊರಿನ ಬಳಿ ಒಕ್ಕಲುತನದ ಮನೆಯಲ್ಲಿ, 1891ರ ನವೆಂಬರ್ 14ರಂದು, ಐದು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ. ನಮ್ಮಲ್ಲಿ ಆ ದಿನ ಮಕ್ಕಳ ದಿನಾಚರಣೆ. ಜಗತ್ತಿಗೆಲ್ಲ ಅದು ವಿಶ್ವ ಮಧುಮೇಹ ದಿನವೂ ಹೌದು, ಬ್ಯಾಂಟಿಂಗ್ ಹುಟ್ಟಿದ ದಿನವೆಂದೇ ಅದನ್ನು ಆರಿಸಿದ್ದು. ಶಾಲೆಯಲ್ಲಿ ಆತ ಸಾಧಾರಣ ವಿದ್ಯಾರ್ಥಿ. ಕಾಗುಣಿತ ಮಾತ್ರ ಕೊನೆಯವರೆಗೂ ಕೈಕೊಟ್ಟಿತು. ಟೊರಾಂಟೊ ವಿಶ್ವವಿದ್ಯಾಲಯದ ವಿಕ್ಟೋರಿಯಾ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿ ಮೊದಲ ವರ್ಷವೇ ಫೇಲಾದ. 1912ರಲ್ಲಿ ವೈದ್ಯಕೀಯಕ್ಕೆ ಬಂದ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಸೈನ್ಯಕ್ಕೆ ಡಾಕ್ಟರುಗಳು ಬೇಕಿದ್ದರಿಂದ ಕೋರ್ಸನ್ನು ಅವಸರವಾಗಿ ಮುಗಿಸಿ 1916ರ ಡಿಸೆಂಬರಿನಲ್ಲೇ ಪದವಿ ಕೊಟ್ಟು ಕಳಿಸಿದರು. 1918ರಲ್ಲಿ ಫ್ರಾನ್ಸಿನ ಕಾಂಬ್ರೆ ಬಳಿ ಬಲಗೈಗೆ ಶೆಲ್ಲಿನ ಚೂರು ಹೊಕ್ಕಿತು. ಗಾಯವಾದ ಮೇಲೂ ಇತರ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ್ದಕ್ಕೆ ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು.

ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಯುದ್ಧ ಮುಗಿಸಿ ಬಂದವನು ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ. ಅಲ್ಲೇ ಕಾಯಂ ಆಗುವ ಆಸೆಯಿತ್ತು, ಜಾಗ ಸಿಗಲಿಲ್ಲ. ಕೊನೆಗೆ 1920ರ ಜುಲೈನಲ್ಲಿ ಒಂಟಾರಿಯೊದ ಲಂಡನ್ ಎಂಬ ಪಟ್ಟಣದಲ್ಲಿ (ಇಂಗ್ಲೆಂಡಿನ ಲಂಡನ್ ಅಲ್ಲ) ಸಾಲ ಮಾಡಿ ಮನೆ ಕೊಂಡು ಬೋರ್ಡು ಹಾಕಿದ. ಹತ್ತಿರ ಹತ್ತಿರ ನಾಲ್ಕು ವಾರ ಒಬ್ಬ ರೋಗಿಯೂ ಬಾಗಿಲು ತಟ್ಟಲಿಲ್ಲ. ಆ ತಿಂಗಳ ಅವನ ಒಟ್ಟು ಸಂಪಾದನೆ ನಾಲ್ಕು ಡಾಲರು. ಮದುವೆಯಾಗಬೇಕಿದ್ದ ಹುಡುಗಿ ಎಡಿತ್ ರೋಚ್. ಅವಳೊಂದಿಗಿನ ನಿಶ್ಚಿತಾರ್ಥವೂ ಹಳಸತೊಡಗಿತು, ಮುಂದೆ ಮುರಿದೇ ಹೋಯಿತು. ಖರ್ಚಿಗೆಂದು ಅಲ್ಲಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಪಾಠದ ಸಹಾಯಕನಾಗಿ ಸೇರಿಕೊಂಡ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅತಿಥಿ ಉಪನ್ಯಾಸಕ. ಇಪ್ಪತ್ತೆಂಟು ವರ್ಷ, ಸಾಲ, ಖಾಲಿ ಕುರ್ಚಿ, ಮುನಿದ ಹುಡುಗಿ. ಧಾರವಾಡದ ಯಾವ ಓದುವ ಕೋಣೆಗೆ ಹೋದರೂ ಇಂಥ ನಾಲ್ಕು ಜನ ಸಿಗುತ್ತಾರೆ.

ಆ ಗಂಟೆ ಲೆಕ್ಕದ ಕೆಲಸವೇ ತಿರುವು ಕೊಟ್ಟಿತು. 1920ರ ಅಕ್ಟೋಬರ್ ಕೊನೆಯಲ್ಲಿ ಪಿಷ್ಟ ಮತ್ತು ಸಕ್ಕರೆ ದೇಹದಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬ ಪಾಠಕ್ಕೆ ತಯಾರಿ ಮಾಡಬೇಕಿತ್ತು. ಅವನಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯ. ರಾತ್ರಿ ಮಲಗುವ ಮುನ್ನ ಮೋಸೆಸ್ ಬ್ಯಾರನ್ ಎಂಬವರ ಲೇಖನ ಓದಿದ. ಮೇದೋಜ್ಜೀರಕ ಗ್ರಂಥಿಯ ನಾಳ ಕಲ್ಲಿನಿಂದ ಮುಚ್ಚಿಹೋದರೆ ಜೀರ್ಣರಸ ಮಾಡುವ ಭಾಗ ಸಾಯುತ್ತದೆ, ಆದರೆ ಅದರೊಳಗಿನ ಸಣ್ಣ ದ್ವೀಪಗಳಂಥ ಜೀವಕೋಶದ ಗುಂಪುಗಳು ಉಳಿಯುತ್ತವೆ ಎಂಬುದು ಅದರ ಸಾರ. ಆ ದ್ವೀಪಗಳನ್ನು 1869ರಲ್ಲೇ ಜರ್ಮನಿಯ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ ಗುರುತಿಸಿದ್ದ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜ್ಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತ್ತು. ಅಂದರೆ ಅಲ್ಲೇನೋ ಇದೆ ಎಂದು ಎಲ್ಲರಿಗೂ ಗೊತ್ತು, ಹೊರತೆಗೆಯಲು ಯಾರಿಗೂ ಬರುತ್ತಿಲ್ಲ. ಜೀರ್ಣರಸವೇ ಅದನ್ನು ಹಾಳುಮಾಡುತ್ತಿರಬೇಕು, ನಾಳವನ್ನು ಕಟ್ಟಿ ಜೀರ್ಣರಸದ ಭಾಗ ಸತ್ತ ಮೇಲೆ ಉಳಿದದ್ದನ್ನು ತೆಗೆದರೆ ಹೇಗೆ? ನಡುರಾತ್ರಿ ಎರಡು ಗಂಟೆ ಹೊತ್ತಿಗೆ ಎದ್ದು ಇದನ್ನು ಪುಸ್ತಕದಲ್ಲಿ ಗೀಚಿಟ್ಟುಕೊಂಡ. ಮಧುಮೇಹ ಎಂಬ ಪದದ ಕಾಗುಣಿತವೇ ಅದರಲ್ಲಿ ತಪ್ಪಿತ್ತು.

ಆ ಕಲ್ಪನೆಯೂ ಪೂರ್ತಿ ಸರಿಯಿರಲಿಲ್ಲ ಎಂಬುದು ಇನ್ನೊಂದು ಮಜಾ. ನಾಳ ಕಟ್ಟುವ ಅಗತ್ಯವೇ ಇಲ್ಲ, ಸರಿಯಾದ ಪ್ರಮಾಣದ ಆಲ್ಕೋಹಾಲ್ ಬಳಸಿದರೆ ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದಲೇ ಇನ್ಸುಲಿನ್ ತೆಗೆಯಬಹುದು ಎಂದು ಆಮೇಲೆ ಗೊತ್ತಾಯಿತು.

ಟೊರಾಂಟೊದ ಪ್ರೊಫೆಸರ್ ಮೆಕ್ಲಿಯಡ್ ಈ ವಿಷಯದಲ್ಲಿ ದೊಡ್ಡ ಹೆಸರು. ಎದುರಿಗೆ ಬಂದು ಕೂತ ಯುವಕನಿಗೆ ಸಂಶೋಧನೆಯ ಅನುಭವವಿಲ್ಲ, ಓದೂ ಕಡಿಮೆ. ಅವರು ಉತ್ಸಾಹ ತೋರಿಸಲಿಲ್ಲ. ಆದರೂ ಬೇಸಿಗೆ ರಜೆಯಲ್ಲಿ ಒಂದು ಪ್ರಯೋಗಶಾಲೆ, ಕೆಲವು ನಾಯಿಗಳು, ಒಬ್ಬ ಸಹಾಯಕನನ್ನು ಕೊಟ್ಟರು. ಬೆಸ್ಟ್ ಮತ್ತು ನೋಬಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿದರು. ಇಪ್ಪತ್ತೆರಡು ವರ್ಷದ ಚಾರ್ಲ್ಸ್ ಬೆಸ್ಟ್‌ಗೆ ಸರದಿ ಸಿಕ್ಕಿತು, ನೋಬಲ್ ಸರದಿ ಬರಲೇ ಇಲ್ಲ. 1921ರ ಮೇ 17ರಂದು ಕೆಲಸ ಶುರು. ಮೆಕ್ಲಿಯಡ್ ಸ್ಕಾಟ್ಲೆಂಡಿಗೆ ರಜೆಗೆ ಹೋದರು. ಆ ಸೆಖೆಯ ಬೇಸಿಗೆಯಲ್ಲಿ ಬ್ಯಾಂಟಿಂಗ್‌ಗೆ ಸಂಬಳವಿಲ್ಲ. ಶುರುವಿನಲ್ಲಿ ನಾಯಿಗಳು ಒಂದರ ಹಿಂದೊಂದು ಸತ್ತವು. ಜುಲೈ ಕೊನೆಗೆ ಒಂದು ನಾಯಿಯ ರಕ್ತದ ಸಕ್ಕರೆ ಇವರ ರಸದಿಂದ ಇಳಿಯಿತು. ಮುಂದೆ ಮಾರ್ಜೊರಿ ಎಂಬ ಹೆಣ್ಣುನಾಯಿ ಮೇದೋಜ್ಜೀರಕವೇ ಇಲ್ಲದೆ, ಇವರ ಚುಚ್ಚುಮದ್ದಿನ ಮೇಲೆ ಸುಮಾರು ಎಪ್ಪತ್ತು ದಿನ ಬದುಕಿತು. ನಾಯಿಗಳ ಲೆಕ್ಕ ಓದುವಾಗ ನನಗೆ ಹಿಂಸೆಯಾಯಿತು. ಆದರೆ ನನ್ನ ಚುಚ್ಚುಮದ್ದು ಆ ಲೆಕ್ಕದಿಂದಲೇ ಬಂದದ್ದು, ಅದನ್ನು ಬಿಟ್ಟು ಕಥೆ ಹೇಳಲು ಬರುವುದಿಲ್ಲ.

ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಗುಂಪಿಗೆ ಸೇರಿದ. ಬ್ಯಾಂಟಿಂಗ್ ಹಟಗಾರ, ಆದರೆ ಶುದ್ಧೀಕರಣದ ಕೈಚಳಕ ಇದ್ದದ್ದು ಕಾಲಿಪ್‌ಗೆ.

ಇನ್ಸುಲಿನ್ನಿನ ಚರಿತ್ರೆಯನ್ನು ಎಲ್ಲರೂ ಪವಾಡದಿಂದ ಆರಂಭಿಸುತ್ತಾರೆ. ನಿಜಕ್ಕೂ ಅದು ಆರಂಭವಾದದ್ದು ಅಡ್ಡಪರಿಣಾಮದಿಂದ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಕಂದು ಬಣ್ಣದ ರಸವನ್ನು ಚುಚ್ಚಿದರು. ಹುಡುಗನ ತೂಕ ಸುಮಾರು 29 ಕಿಲೋ. ಸಕ್ಕರೆ 440ರಿಂದ 320ಕ್ಕೆ ಇಳಿಯಿತು, ಅಷ್ಟೇ. ಚುಚ್ಚಿದ ಜಾಗದಲ್ಲಿ ಕೀವು ತುಂಬಿದ ಗಡ್ಡೆ ಎದ್ದಿತು. ಪ್ರಯೋಗ ನಿಂತಿತು. ಕಾಲಿಪ್ ಹಗಲುರಾತ್ರಿ ಕೂತು ರಸವನ್ನು ಶುದ್ಧಗೊಳಿಸಿದ. ಹನ್ನೆರಡು ದಿನಗಳ ನಂತರ, ಜನವರಿ 23ರಂದು ಮತ್ತೆ ಚುಚ್ಚಿದಾಗ ಒಂದೇ ದಿನದಲ್ಲಿ ಸಕ್ಕರೆ 520ರಿಂದ 120ಕ್ಕೆ ಬಂತು. ಹುಡುಗ ಎದ್ದು ಕೂತ. ಮುಂದೆ ಹದಿಮೂರು ವರ್ಷ ಬದುಕಿ 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.

ಈ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ. ಏಳನೇ ತರಗತಿಯಲ್ಲಿ ನಾನೂ ಹೀಗೇ ಒಣಗಿದ್ದೆ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದೆ, ರಾತ್ರಿ ಏಳೆಂಟು ಸಲ ಎದ್ದು ಹೊರಗೆ ಹೋಗುತ್ತಿದ್ದೆ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ಜ್ವರದ ಗುಳಿಗೆ, ಟಾನಿಕ್ ಕೊಟ್ಟು ಕಳಿಸಿದರು. ಉಸಿರು ಜೋರಾಗಿ, ವಾಂತಿಯಾಗಿ, ಮಂಪರು ಹತ್ತಿದ ಮೇಲೆ ದೊಡ್ಡಾಸ್ಪತ್ರೆಗೆ ಹೊತ್ತೊಯ್ದರು. ಒಂದು ಹನಿ ರಕ್ತ ಪರೀಕ್ಷಿಸಿದ ನರ್ಸಮ್ಮನ ಮುಖ ಬದಲಾದದ್ದು ನೆನಪಿದೆ. ದೇಹಕ್ಕೆ ಸಕ್ಕರೆ ಬಳಸಲು ಆಗದಿದ್ದಾಗ ಅದು ಕೊಬ್ಬನ್ನು ಸುಡುತ್ತದೆ, ರಕ್ತ ಆಮ್ಲವಾಗುತ್ತದೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. 1922ರ ಮೊದಲು ಇಲ್ಲಿಂದ ವಾಪಸು ಬಂದವರಿಲ್ಲ. ಅತಿಯಾದ ದಾಹ, ಅತಿಯಾದ ಮೂತ್ರ, ಕಾರಣವಿಲ್ಲದೆ ಇಳಿಯುವ ತೂಕ: ಈ ಮೂರೂ ಒಟ್ಟಿಗೆ ಒಂದು ಮಗುವಿನಲ್ಲಿ ಕಂಡರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ. ನಿಮ್ಮ ತಮ್ಮ, ತಂಗಿ, ಅಕ್ಕನ ಮಗು ಯಾರೇ ಇರಲಿ.

ಎರಡನೇ ಅಡ್ಡಪರಿಣಾಮ ಕೀವಿಗಿಂತ ದೊಡ್ಡದು, ಅದು ಇವತ್ತಿಗೂ ಹೋಗಿಲ್ಲ. ಕಾಲಿಪ್ ತನ್ನ ರಸದ ಶಕ್ತಿಯನ್ನು ಮೊಲಗಳ ಮೇಲೆ ಅಳೆಯುತ್ತಿದ್ದ. ಜಾಸ್ತಿ ಕೊಟ್ಟಾಗ ಮೊಲಗಳು ನಡುಗಿ, ಸೆಟೆದು, ಮೂರ್ಛೆ ಬೀಳುತ್ತಿದ್ದವು. ಗ್ಲೂಕೋಸ್ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಎದ್ದು ಓಡುತ್ತಿದ್ದವು. ರಕ್ತದ ಸಕ್ಕರೆ ತೀರಾ ಇಳಿದರೆ ಮಿದುಳಿಗೆ ಇಂಧನವೇ ಇರುವುದಿಲ್ಲ. ಇದಕ್ಕೂ ಹದಿನಾಲ್ಕು ಹದಿನೈದು ವರ್ಷ ಮೊದಲು ಬರ್ಲಿನ್ನಿನ ಜ್ಯೂಲ್ಸರ್ ಎಂಬ ವೈದ್ಯ ಇಂಥದ್ದೇ ರಸವನ್ನು ರೋಗಿಗಳಿಗೆ ಕೊಟ್ಟು, ತೀವ್ರ ಪರಿಣಾಮಗಳನ್ನು ಕಂಡು ಹೆದರಿ ಕೈಬಿಟ್ಟಿದ್ದ. ರಸ ಕೆಲಸ ಮಾಡಿದ್ದೇ ಅಲ್ಲಿ ತೊಂದರೆಯಾಗಿರಬಹುದು. ಟೊರಾಂಟೊದವರು ಮಾತ್ರ ಈ ಅಪಾಯವನ್ನೇ ಅಳತೆಗೋಲು ಮಾಡಿಕೊಂಡರು. ಇನ್ಸುಲಿನ್ನಿನ ಯೂನಿಟ್ ಎಂಬ ಲೆಕ್ಕ ಹುಟ್ಟಿದ್ದೇ ಮೊಲದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬುದರಿಂದ.

ಹೀಗೆ ಸಕ್ಕರೆ ಇಳಿಯುವುದನ್ನು ನಾವು ಲೋ ಆಗುವುದು ಅನ್ನುತ್ತೇವೆ. ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಸಿಟ್ಟು, ಆಮೇಲೆ ಮಾತು ತೊದಲು. ನೋಡಿದವರು ಕುಡಿದಿದ್ದಾರೆ ಅಂದುಕೊಳ್ಳಬಹುದು. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ತಿಂದು, ಹದಿನೈದು ನಿಮಿಷ ಕೂತು, ಮತ್ತೆ ಪರೀಕ್ಷೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು. ಎಷ್ಟು ಸುಲಭದ ಮದ್ದು ಅಲ್ಲವೇ? ಆದರೆ ಒಂದು ನೇಮಕಾತಿ ಪರೀಕ್ಷೆಯ ಬಾಗಿಲಲ್ಲಿ ನನ್ನ ಗ್ಲೂಕೋಸ್ ಪೊಟ್ಟಣವನ್ನು ತೆಗೆದಿರಿಸಿದರು. ವೈದ್ಯರ ಚೀಟಿ ತೋರಿಸಿದೆ. ನಿಯಮದಲ್ಲಿಲ್ಲ ಅಂದರು. ಪರೀಕ್ಷೆ ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಪ್ರಶ್ನೆಗಳ ಅಕ್ಷರ ಮಂಜಾಗತೊಡಗಿತು. ಮೇಲ್ವಿಚಾರಕಿಯೊಬ್ಬರು ತಮ್ಮ ಚೀಲದಿಂದ ಎರಡು ಪೆಪ್ಪರಮೆಂಟು ತಂದುಕೊಟ್ಟರು. ಅವರ ಹೆಸರೂ ನನಗೆ ಗೊತ್ತಿಲ್ಲ. ಈಗ ಪ್ರತಿ ಅರ್ಜಿಯ ಜೊತೆ ಮೊದಲೇ ಪತ್ರ ಬರೆದು ಒಪ್ಪಿಗೆ ಕೇಳುತ್ತೇನೆ. ಕೆಲವು ಕಡೆ ಉತ್ತರ ಬರುತ್ತದೆ. ಉಳಿದ ಕಡೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮತ್ತೆ ವಿವರಿಸುತ್ತೇನೆ. ನನ್ನಂಥವರು ಇದನ್ನು ಓದುತ್ತಿದ್ದರೆ ಹಾಲ್ ಟಿಕೆಟ್ ಬಂದ ದಿನವೇ ಆ ಪತ್ರ ಬರೆಯಿರಿ.

ಮತ್ತೆ ಟೊರಾಂಟೊಗೆ. ಗೆಲುವಿನ ಹೊತ್ತಿಗೆ ಆ ನಾಲ್ವರ ನಡುವೆ ಮಾತುಕತೆಯೇ ನಿಂತಂತಿತ್ತು. ಶುದ್ಧೀಕರಣದ ಗುಟ್ಟು ಹೇಳದೆ ಹೋಗುತ್ತೇನೆ ಎಂದ ಕಾಲಿಪ್‌ನ ಕೊರಳಪಟ್ಟಿ ಹಿಡಿದು ಬ್ಯಾಂಟಿಂಗ್ ಹೊಡೆಯಲು ಹೋಗಿದ್ದ ಎಂದು ಹೇಳುತ್ತಾರೆ. ಕೀರ್ತಿಯನ್ನೆಲ್ಲ ಮೆಕ್ಲಿಯಡ್ ಬಾಚಿಕೊಳ್ಳುತ್ತಿದ್ದಾರೆ ಎಂಬ ಸಂಶಯ ಅವನನ್ನು ತಿನ್ನುತ್ತಿತ್ತು. 1922ರ ಚಳಿಗಾಲದ ಕೊನೆಯಲ್ಲಿ ಕೆಲವು ವಾರ ಕುಡಿತಕ್ಕೆ ಬಿದ್ದ, ಬೆಸ್ಟ್ ಬಂದು ಎಬ್ಬಿಸಬೇಕಾಯಿತು. ಅದೇ ಹೊತ್ತಿಗೆ ಕಾಲಿಪ್‌ಗೂ ದೊಡ್ಡ ಪ್ರಮಾಣದಲ್ಲಿ ಇನ್ಸುಲಿನ್ ತಯಾರಿಸುವುದು ಕೈತಪ್ಪಿತು. ರಸಕ್ಕಾಗಿ ಕಾದಿದ್ದ ರೋಗಿಗಳಿಗೆ ಮದ್ದಿಲ್ಲ. ಅಮೆರಿಕದ ಈಲೈ ಲಿಲ್ಲಿ ಕಂಪನಿಯ ಜೊತೆ ಸೇರಿದ ಮೇಲೆ ಉತ್ಪಾದನೆ ಹಿಡಿತಕ್ಕೆ ಬಂತು. ರೊಮೇನಿಯಾದ ಪಾಲೆಸ್ಕು ಎಂಬ ವಿಜ್ಞಾನಿ 1921ರಲ್ಲೇ ಇಂಥದ್ದೇ ಕೆಲಸವನ್ನು ಪ್ರಕಟಿಸಿದ್ದನೆಂಬುದೂ ನಿಜ. ನನ್ನ ಲೆಕ್ಕದಲ್ಲಿ ಆತನಿಗೆ ಅನ್ಯಾಯವಾಯಿತು.

ಬ್ಯಾಂಟಿಂಗ್ ಜಗಳಗಂಟನಿರಬಹುದು, ದುಡ್ಡಿನಾಸೆಯವನಲ್ಲ. ಔಷಧಿಯ ಪೇಟೆಂಟಿನಲ್ಲಿ ವೈದ್ಯನ ಹೆಸರು ಇರಬಾರದೆಂದು ಮೊದಲು ತನ್ನ ಹೆಸರನ್ನೇ ಸೇರಿಸಲಿಲ್ಲ. ಕೊನೆಗೆ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಹಿಂದೆ ತಿಂಗಳಿಗೆ ನಾಲ್ಕು ಡಾಲರು ಗಳಿಸಿದವನು ಜಗತ್ತಿನ ಅತಿ ಬೆಲೆಯ ಔಷಧಿಯೊಂದನ್ನು ಒಂದು ಡಾಲರಿಗೆ ಬಿಟ್ಟುಕೊಟ್ಟ. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ಗೆ ನೊಬೆಲ್ ಬಂತು. ಆಗ ಬ್ಯಾಂಟಿಂಗ್‌ಗೆ ಮೂವತ್ತೊಂದು ಮುಗಿಯುತ್ತಾ ಬಂದಿತ್ತು. ವೈದ್ಯಕೀಯದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಅದನ್ನು ಪಡೆದವರು ಇವತ್ತಿಗೂ ಇನ್ನೊಬ್ಬರಿಲ್ಲ. ಮೆಕ್ಲಿಯಡ್ ಜೊತೆ ಹಂಚಿಕೊಳ್ಳಬೇಕಾಯಿತೆಂದು ಸಿಟ್ಟಾಗಿ, ತನ್ನ ಪಾಲಿನ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟ. ಮೆಕ್ಲಿಯಡ್ ತನ್ನದರಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು.

ಆ ದನ ಮತ್ತು ಹಂದಿಯ ಇನ್ಸುಲಿನ್‌ನಿಂದ ಕೆಲವರಿಗೆ ಅಲರ್ಜಿ, ಚುಚ್ಚಿದಲ್ಲಿ ಚರ್ಮ ಕುಳಿಬೀಳುವುದು ದಶಕಗಳ ಕಾಲ ಇತ್ತು. 1982ರಲ್ಲಿ ಸೂಕ್ಷ್ಮಜೀವಿಯಿಂದ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದ ಮೇಲೆ ಅದು ಬಹಳ ಕಡಿಮೆಯಾಯಿತು. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ 1969ರಲ್ಲಿ ಇನ್ಸುಲಿನ್ ಅಣುವಿನ ಮೂರು ಆಯಾಮದ ರಚನೆಯನ್ನು ಬಿಡಿಸಿದಾಗ ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ವಿಜ್ಞಾನ ಓದುತ್ತಿರುವ ಗೆಳೆಯರು ಈ ದಾರಿಯನ್ನೂ ನೋಡಬಹುದು.

ಔಷಧಿ ಶುದ್ಧವಾದರೂ ಅಪಾಯ ನಮ್ಮ ಕೈಯಲ್ಲೇ ಇದೆ. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಪೆನ್ನಿನಲ್ಲಿ ಬರುವುದು 100ರದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಅಜ್ಜನಿಗೆ, ಅಮ್ಮನಿಗೆ ಚುಚ್ಚಿಕೊಡುವ ಮೊಮ್ಮಕ್ಕಳು ಹಳ್ಳಿಗಳಲ್ಲಿ ಬಹಳ ಇದ್ದಾರೆ, ಅವರಿಗಾಗಿ ಇದನ್ನು ಬರೆದೆ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರುವುದಿಲ್ಲ. ಇನ್ಸುಲಿನ್ ಶುರುಮಾಡಿದಾಗ ತೂಕ ಏರುವುದೂ ಉಂಟು. ಒಡೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಬೇಸಿಗೆಯಲ್ಲಿ ನಮ್ಮ ತುಂಗಭದ್ರೆಯ ದಂಡೆಯೇ ಕಾದ ಹಂಚಿನಂತಿರುತ್ತದೆ, ಅದರ ಮೇಲೆ ಕರೆಂಟು ಹೋಗುತ್ತದೆ. ಫ್ರಿಜ್ ಇಲ್ಲದ ವರ್ಷಗಳಲ್ಲಿ ಅಪ್ಪ ದೊಡ್ಡ ಮಡಕೆಯೊಳಗೆ ಹಸಿ ಮರಳು ಹಾಕಿ, ಅದರೊಳಗೆ ಸಣ್ಣ ಗಡಿಗೆ ಕೂರಿಸಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಮಲ್ಲಿಗೆ ಮೊಗ್ಗನ್ನು ಬಾಡದಂತೆ ಇಡುವುದನ್ನು ನೋಡಿ ಬೆಳೆದವರು ಅವರು. ಮಡಕೆಯ ಈ ಉಪಾಯವನ್ನು ಮಧುಮೇಹ ತಜ್ಞರೂ ಹೇಳುತ್ತಾರೆಂದು ತಿಳಿದದ್ದು ಆಮೇಲೆ.

ಊರಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಸೂಜಿ ಬಿಡಿಸುವ ಬೇರಿನ ಪುಡಿಯ ವಿಳಾಸ ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಟೈಪ್ ಒಂದರಲ್ಲಿ ಇನ್ಸುಲಿನ್ ನಿಲ್ಲಿಸಿದರೆ ದಿನಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ಸೂಜಿಯ ಅಡ್ಡಪರಿಣಾಮ ಕೇಳುವವರು ಸೂಜಿ ಬಿಟ್ಟರೆ ಆಗುವ ಪರಿಣಾಮವನ್ನು ಕೇಳುವುದಿಲ್ಲ. ನನ್ನ ಅಮ್ಮನಿಗಿರುವುದು ಟೈಪ್ ಎರಡು, ಅವರಿಗೆ ಮೆಟ್‌ಫಾರ್ಮಿನ್ ಗುಳಿಗೆ. ಅಗ್ಗ, ತಾನೊಂದೇ ಇದ್ದರೆ ಸಕ್ಕರೆಯನ್ನು ಅಪಾಯಕ್ಕೆ ಇಳಿಸುವುದು ಅಪರೂಪ. ಶುರುವಿನಲ್ಲಿ ಹೊಟ್ಟೆ ಕೆಡಿಸುತ್ತದೆ, ವರ್ಷಗಟ್ಟಲೆ ತಿಂದರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಅಮ್ಮನ ಅಂಗಾಲು ಜುಮುಗುಟ್ಟುವುದಕ್ಕೆ ಅದೂ ಕಾರಣವೆಂದು ರಕ್ತಪರೀಕ್ಷೆ ಹೇಳಿತು. ಡಾಕ್ಟರು ಗುಳಿಗೆ ನಿಲ್ಲಿಸಲಿಲ್ಲ, ಬಿ12 ಸೇರಿಸಿದರು. ಈಗ ಕಾಲೇಜು ಹುಡುಗರೂ ತೂಕ ಇಳಿಸುವ ಹೊಸ ಚುಚ್ಚುಮದ್ದಿನ ಬಗ್ಗೆ ನನ್ನನ್ನೇ ಕೇಳುತ್ತಾರೆ, ಸೂಜಿಯ ಅನುಭವ ನನಗಿದೆಯಲ್ಲ! ಅದಕ್ಕೂ ಲಾಭವಿದೆ. ವಾಕರಿಕೆ, ವಾಂತಿ, ಬಿಟ್ಟ ಮೇಲೆ ಮರಳಿ ಬರುವ ತೂಕವೂ ಇದೆ. ಡಾಕ್ಟರಿಲ್ಲದೆ ಮುಟ್ಟುವ ವಸ್ತುವಲ್ಲ.

ಬ್ಯಾಂಟಿಂಗ್ ಅವರ ರೋಗಿಗಳಲ್ಲಿ ನನಗೆ ಹತ್ತಿರದವಳು ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು. ಹನ್ನೊಂದನೇ ವಯಸ್ಸಿಗೆ ಕಾಯಿಲೆ ಬಂತು. ಆಗ ಇದ್ದ ಒಂದೇ ಚಿಕಿತ್ಸೆ ಡಾಕ್ಟರ್ ಅಲೆನ್ ಅವರ ಉಪವಾಸ. ಸಕ್ಕರೆಯಿಂದ ಸಾಯುವುದನ್ನು ಮುಂದೂಡಲು ಹಸಿವಿನಿಂದ ಸವೆಯುವುದು. 1922ರ ಆಗಸ್ಟಿನಲ್ಲಿ ಟೊರಾಂಟೊಗೆ ಬಂದಾಗ ಹದಿನೈದು ತುಂಬುವ ಹುಡುಗಿಯ ತೂಕ ಇಪ್ಪತ್ತು ಕಿಲೋ ಚಿಲ್ಲರೆ. ಇನ್ಸುಲಿನ್ ಶುರುವಾಗಿ ಕೆಲವೇ ವಾರಗಳಲ್ಲಿ ಮೈ ತುಂಬಿಕೊಂಡಳು. ಕಾಲೇಜು ಓದಿದಳು, ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು. ಸುಮಾರು 42 ಸಾವಿರ ಚುಚ್ಚುಮದ್ದುಗಳ ನಂತರ 1981ರಲ್ಲಿ ತೀರಿಕೊಂಡಳು. ಆದರೆ ಜೀವಮಾನವಿಡೀ ಕಾಯಿಲೆಯನ್ನು ಮುಚ್ಚಿಟ್ಟಳು. ಹತ್ತಿರದ ಕೆಲವರನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ.

ಮುಚ್ಚಿಡು ಎಂದು ನನಗೂ ಹೇಳುವವರಿದ್ದಾರೆ. ನೋಡಲು ಬಂದವರ ಎದುರು ಸೂಜಿಯ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಸರಿಸಿದ ಚಿಕ್ಕಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅವರ ಭಯ ನನಗೆ ಅರ್ಥವಾಗುತ್ತದೆ. ನಾನು ಮಾತ್ರ ಚಹಾ ಕೊಡುವಾಗಲೇ ಹೇಳಿಬಿಟ್ಟೆ. ಅವರು ಮತ್ತೆ ಬರಲಿಲ್ಲ. ರಾತ್ರಿ ಲೋ ಆದಾಗ ಪಕ್ಕದಲ್ಲಿರುವವನಿಗೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲೇಬೇಕು. ಇದರಲ್ಲಿ ನಾನು ಎಲಿಜಬೆತ್‌ಳನ್ನು ಒಪ್ಪುವುದಿಲ್ಲ. ಆದರೆ ಅವಳ ಕಾಲದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ.

ನೊಬೆಲ್ ನಂತರದ ಬ್ಯಾಂಟಿಂಗ್ ಅಷ್ಟೇನೂ ಸುಖಿಯಲ್ಲ. ಕೆನಡಾ ಸರ್ಕಾರ ವರ್ಷಕ್ಕೆ 7,500 ಡಾಲರಿನ ಜೀವಿತಾವಧಿ ಗೌರವಧನ ಕೊಟ್ಟಿತು. 1934ರಲ್ಲಿ ಸರ್ ಪದವಿ ಬಂತು. ಕ್ಯಾನ್ಸರಿಗೂ ಮದ್ದು ಹುಡುಕುತ್ತೇನೆಂದು ಹೊರಟು ವರ್ಷಗಳನ್ನು ಕಳೆದ, ಏನೂ ಸಿಗಲಿಲ್ಲ. 1924ರಲ್ಲಾದ ಮದುವೆ 1932ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. ಸಮಾಧಾನ ಸಿಕ್ಕಿದ್ದು ಚಿತ್ರ ಬರೆಯುವುದರಲ್ಲಿ. ಕೆನಡಾದ ಹೆಸರಾಂತ ಕಲಾವಿದ ಎ.ವೈ. ಜ್ಯಾಕ್ಸನ್ ಜೊತೆ ಹಿಮದಲ್ಲಿ ಕೂತು ಹಳ್ಳಿಗಳನ್ನು ಚಿತ್ರಿಸುತ್ತಿದ್ದ. 1927ರಲ್ಲಿ ಇಬ್ಬರೂ ಹಡಗಿನಲ್ಲಿ ಉತ್ತರ ಧ್ರುವ ಪ್ರದೇಶಕ್ಕೆ ಹೋದರು. ಅಲ್ಲಿನ ಇನ್ಯುಯಿಟ್ ಜನ ತುಪ್ಪಳ ಕೊಟ್ಟು ವ್ಯಾಪಾರಿ ಕಂಪನಿಯಿಂದ ಮೈದಾ, ಬಿಸ್ಕತ್ತು, ಚಹಾ, ತಂಬಾಕು ಪಡೆಯುತ್ತಿದ್ದರು. ತಮ್ಮ ಹಳೆಯ ಆಹಾರ ಬಿಟ್ಟು ಇವರ ಆರೋಗ್ಯ ಕೆಡುತ್ತಿದೆ ಎಂದು ಬ್ಯಾಂಟಿಂಗ್ ಪತ್ರಕರ್ತನೊಬ್ಬನ ಮುಂದೆ ಹೇಳಿಬಿಟ್ಟ. ಕಂಪನಿ ಕೆರಳಿತು, ದೊಡ್ಡ ಗಲಾಟೆಯಾಯಿತು. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿ ಹಿಂದೆ ಸರಿದು ಬಿಳಿ ಅನ್ನ, ಬೇಕರಿ ಬ್ರೆಡ್ಡು, ಬಾಟಲಿ ಪಾನೀಯ ಮುಂದೆ ಬಂದದ್ದನ್ನು ಕಂಡ ನನಗೆ ಆ ಪ್ರಸಂಗ ಹೊಸದೆನಿಸಲಿಲ್ಲ.

1937ರಲ್ಲಿ ಹೆನ್ರಿಯೆಟಾ ಬಾಲ್ ಎಂಬಾಕೆಯನ್ನು ಮದುವೆಯಾದ. ಎರಡನೇ ಮಹಾಯುದ್ಧ ಬಂದಾಗ ಮತ್ತೆ ಸಮವಸ್ತ್ರ ತೊಟ್ಟ. ಎತ್ತರದಲ್ಲಿ ಹಾರುವ ಪೈಲಟ್‌ಗಳು ಪ್ರಜ್ಞೆ ತಪ್ಪುವುದೇಕೆ ಎಂಬುದರ ಸಂಶೋಧನೆಗೆ ಬೆಂಬಲವಾಗಿ ನಿಂತ. 1941ರ ಫೆಬ್ರವರಿ 20ರ ರಾತ್ರಿ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್‌ನಿಂದ ಇಂಗ್ಲೆಂಡಿಗೆ ಬಾಂಬರ್ ವಿಮಾನದಲ್ಲಿ ಹೊರಟ. ಎಂಜಿನ್ ಕೆಟ್ಟು ವಿಮಾನ ಮಸ್‌ಗ್ರೇವ್ ಹಾರ್ಬರ್ ಬಳಿಯ ಹಿಮದ ಕಾಡಿಗೆ ಬಿತ್ತು. ಸಿಬ್ಬಂದಿ ಇಬ್ಬರು ಅಲ್ಲೇ ಸತ್ತರು. ಪೈಲಟ್ ಜೋಸೆಫ್ ಮ್ಯಾಕಿ ಉಳಿದ. ತೀವ್ರವಾಗಿ ಗಾಯಗೊಂಡ ಬ್ಯಾಂಟಿಂಗ್ ಮರುದಿನ ಪ್ರಾಣ ಬಿಟ್ಟ, ನಲವತ್ತೊಂಬತ್ತು ವರ್ಷಕ್ಕೆ. ಆ ಗಂಟೆಗಳಲ್ಲಿ ಸನ್ನಿ ಹಿಡಿದಂತೆ ಆತ ವೈದ್ಯಕೀಯದ ಏನೋ ಟಿಪ್ಪಣಿಗಳನ್ನು ಒಂದೇ ಸಮನೆ ಹೇಳುತ್ತಿದ್ದ, ಬರೆದುಕೋ ಎಂದು ಒತ್ತಾಯಿಸುತ್ತಿದ್ದ. ಮ್ಯಾಕಿಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ಆತನನ್ನು ಸಮಾಧಾನಪಡಿಸಲು ಬರೆದುಕೊಳ್ಳುತ್ತಿರುವವನಂತೆ ನಟಿಸುತ್ತಾ ಕೂತಿದ್ದ.